ಬೂದು ಗೋಡೆಯ ಮುಂದೆ ಕೂತವರು

ಮೇಲಿನ ಮನೆಗೆ ಬಣ್ಣ ಹೊಡೆಯಲು ಬಂದಿದ್ದ ಪೇಂಟರ್ ಮೆಟ್ಟಿಲಿಳಿದು ಬಂದು, ಕೈ ಒರೆಸಿಕೊಳ್ಳುತ್ತಾ ಕೇಳಿದ: "ಅಕ್ಕಾ, ಆ ಒಳಗಿನ ರೂಮು ಪ್ರೈಮರ್ ಹೊಡೆಸಿ ಹಂಗೇ ಬಿಟ್ಬಿಟ್ಟಿದೀರಾ?"

ಪ್ರೈಮರ್ ಅಲ್ಲ, ಅದರ ಬಣ್ಣವೇ ಅದು ಎಂದೆ. ಅವನು ನಂಬಲಿಲ್ಲ. ಬುದ್ಧಿ ನೆಟ್ಟಗಿರುವವರು ಯಾರಾದರೂ ಮನೆಯೊಳಗೆ ಬೂದಿ ಬಣ್ಣ ಹೊಡೆಸುತ್ತಾರೆಯೇ? ಗೋಡೆ, ಸೀಲಿಂಗು, ಬಾಗಿಲಿನ ಒಳಮೈ, ಕಿಟಕಿಯ ಸರಳು, ಕೊನೆಗೆ ಸ್ವಿಚ್ ಬೋರ್ಡಿನ ತನಕ ಒಂದೇ ಬೂದು. ಮೊದಲ ಸಲ ನೋಡಿದಾಗ ನನಗೂ ಯಾರೋ ತಮಾಷೆ ಮಾಡಿದ್ದಾರೆ ಅನ್ನಿಸಿತ್ತು.

"ಆ ರೂಮು ನಾಳೆಗಿರಲಿ ಅಣ್ಣ, ಮೊದ್ಲು ಹಾಲ್ ಮುಗಿಸಿ" ಎಂದು ಹೇಳಿ ಒಳಗೆ ಬಂದು ಸುಮ್ಮನೆ ಕೂತೆ. ಮೇಡಂ ತೀರಿಕೊಂಡು ತಿಂಗಳುಗಳಾದವು. ಮಣ್ಣಿಗೂ ಹೋಗಿದ್ದೆ, ಶಿವಗಣಾರಾಧನೆಯ ಊಟಕ್ಕೂ ಹೋಗಿದ್ದೆ. ಆದರೂ ಆ ಬೂದು ಬಣ್ಣ ಹೋದರೆ ಮಾತ್ರ ಅವರು ನಿಜವಾಗಿ ಹೋದಂತೆ ಎಂದು ಆ ಹೊತ್ತಿಗೆ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೇಡಂ ನಮ್ಮ ಬಾಡಿಗೆದಾರರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಲೆ ಪುಟ್ಟೇನಹಳ್ಳಿಯ ನಮ್ಮ ಮನೆಯ ಮೇಲಂತಸ್ತನ್ನು ಹಿಡಿದಿದ್ದರು. ಕಣ್ಣು ತಂದುಕೊಟ್ಟದ್ದನ್ನು ಮಿದುಳು ಏನು ಮಾಡುತ್ತದೆ, ಒಬ್ಬೊಬ್ಬರ ಸ್ವಭಾವ ಒಂದೊಂದು ಥರ ಏಕಿರುತ್ತದೆ, ಅದನ್ನು ಅಳೆಯುವುದು ಹೇಗೆ ಎಂದು ಅವರು ತಮ್ಮ ಪಾಡಿಗೆ ತಾವು ಸಂಶೋಧನೆ ಮಾಡುತ್ತಿದ್ದರು. ವಾಸ ಜಯನಗರದಲ್ಲಿ, ತಂಗಿಯ ಜೊತೆ. ದಿನಾ ಬೆಳಿಗ್ಗೆ ಆಟೋದಲ್ಲಿ ಬಂದು ಸಂಜೆ ಹೋಗುತ್ತಿದ್ದರು.

ನಮ್ಮಪ್ಪ ಹಳ್ಳಿಯ ಕಾಲದವರು. ರಾಗಿ ಬೆಳೆದ ನೆಲದಲ್ಲೇ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟವರು. ಹೊಸದಾಗಿ ಗೃಹಪ್ರವೇಶ ಮಾಡಿದ ಮನೆಗೆ ಸ್ಮಶಾನದ ಬಣ್ಣ ಹೊಡೆಸಿದ್ದಾರೆ ಎಂದು ಅವರಿಗೆ ಬಹಳ ಬೇಜಾರಾಗಿತ್ತು. ಒಂದು ದಿನ ಗೇಟಿನ ಹತ್ತಿರವೇ ಹಿಡಿದು ಕೇಳಿದರು: "ಜಮೀನು ಅಳೆಯೋರ್ನ ನೋಡಿದೀನಿ, ಸೈಟ್ ಅಳೆಯೋರ್ನ ನೋಡಿದೀನಿ. ಈ ಮನಸ್ಸಿಗೆ ಚೈನು ಎಲ್ಲಿಂದ ಹಿಡೀತೀರಮ್ಮ?"

"ಅದೇ ಗೊತ್ತಾಗ್ತಿಲ್ಲ ಯಜಮಾನ್ರೆ" ಎಂದರು ಮೇಡಂ. "ಗೊತ್ತಾದ್ರೆ ಮೊದ್ಲು ನಿಮಗೇ ಹೇಳ್ತೀನಿ."

ಅಪ್ಪ ಅಲ್ಲಿಗೇ ಕರಗಿಬಿಟ್ಟರು. ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ಓದಿದವರನ್ನು ಅವರು ನೋಡಿರಲಿಲ್ಲವಂತೆ. ಮಾರನೆಯ ದಿನವೇ ನನ್ನನ್ನು ಮೇಲೆ ಅಟ್ಟಿದರು. ನಾನು ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿಕೊಂಡು, ಮುಂದೇನು ಎಂದು ಗೊತ್ತಿಲ್ಲದೆ ಮನೆಯಲ್ಲಿ ಮೊಬೈಲ್ ಉಜ್ಜುತ್ತಾ ಕೂತಿದ್ದ ಕಾಲ. "ಇಲ್ಲಿ ಕೂತು ಕಣ್ಣು ಹಾಳ್ ಮಾಡ್ಕೊಳ್ಳೋ ಬದ್ಲು ಮೇಲ್ಗಡೆ ಹೋಗು, ಅಲ್ಲಿ ಕಣ್ಣಿನದೇ ಕೆಲಸ ಅಂತೆ" ಎಂದರು.

ಹೋದೆ. ಬೂದು ಕೋಣೆಯ ನಡುವೆ ಎರಡು ಕುರ್ಚಿ, ಒಂದು ಮೇಜು. ಗಿಡ್ಡನೆಯ ಹೆಂಗಸು, ಹಣೆಯ ಮೇಲೆ ತೆಳುವಾಗಿ ವಿಭೂತಿ, ಕೈಮಗ್ಗದ ಸೀರೆ, ಅದರ ಕೆಳಗೆ ಓಡುವವರ ಬೂಟು. ಹೆಸರು, ಓದು, ಅಂಕ ಯಾವುದನ್ನೂ ಕೇಳಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು ಕೇಳಿದರು: "ಬರೋ ದಾರೀಲಿ ಏನ್ ನೋಡ್ದೆ?"

ಕೆಳಗಿನ ಮನೆಯಿಂದ ಮೇಲಿನ ಮನೆಗೆ ಬರುವ ದಾರಿಯಲ್ಲಿ ನೋಡಲು ಏನಿದೆ? ಏನೂ ಇಲ್ಲ ಮೇಡಂ ಎಂದೆ. "ಹಾಗಾದ್ರೆ ಇಳಿದು ಹೋಗಿ ಇನ್ನೊಂದ್ಸಲ ಹತ್ತಿ ಬಾ" ಎಂದರು. ಕೋಪ ಬಂತು. ನಮ್ಮದೇ ಮನೆಯ ಮೆಟ್ಟಿಲು, ಇವರದೇನು ಜೋರು ಅನ್ನಿಸಿತು. ಆದರೂ ಇಳಿದು ಹತ್ತಿದೆ. ಮೆಟ್ಟಿಲಿನ ತಿರುವಿನಲ್ಲಿ ಅಮ್ಮ ಒಣಗಲು ಹಾಕಿದ್ದ ಹುರುಳಿಕಾಳು, ಅದರ ಮೇಲೆ ಬಿದ್ದಿದ್ದ ಕಂಬಿಗಳ ನೆರಳು, ನೆರಳಿದ್ದ ಕಡೆ ಮಾತ್ರ ಸಾಲಾಗಿ ಹೋಗುತ್ತಿದ್ದ ಇರುವೆ. ಬಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. ಯಾರೋ ಕಥೆ ಓದಿ ಹೇಳುತ್ತಿದ್ದರೆ ಮಕ್ಕಳು ಕೂರುತ್ತಾರಲ್ಲ, ಹಾಗೆ ಕೂತಿದ್ದರು.

ಪರೀಕ್ಷೆಗೆ ಬಂದ ಎಲ್ಲರಿಗೂ ಅದೇ ಮೊದಲ ಪ್ರಶ್ನೆ. ಕೋಣನಕುಂಟೆಯಿಂದ, ಇಟ್ಟಮಡುವಿನಿಂದ, ಬಿಟಿಎಂ ಲೇಔಟಿನ ಪೀಜಿಗಳಿಂದ ಜನ ಬರುತ್ತಿದ್ದರು. ಸೊಪ್ಪು ಮಾರುವ ಅಕ್ಕ, ರಿಟೈರಾದ ಬ್ಯಾಂಕಿನವರು, ಕಾಲೇಜು ಹುಡುಗಿಯರು. ಕೆಲವರು ದಾರಿಯಲ್ಲಿ ಟ್ರಾಫಿಕ್ ನೋಡಿದೆ ಎನ್ನುತ್ತಿದ್ದರು, ಕೆಲವರು ಫೋನ್ ನೋಡಿದೆ ಎಂದು ನಿಜ ಹೇಳುತ್ತಿದ್ದರು. ಯಾರು ಏನು ಹೇಳಿದರೂ ಮೇಡಂಗೆ ಸಂತೋಷ. ಕಾಫಿ ಕುಡಿದು, ದಾರಿಯ ಮಾತು ಮುಗಿದು, ಬಂದವರ ಉಸಿರು ಕೋಣೆಗೆ ಒಗ್ಗಿದ ಮೇಲೆಯೇ ಕೆಲಸ ಶುರು.

ಬೇರೆ ಬಣ್ಣ ಕಣ್ಣನ್ನು ಎಳೆಯಬಾರದೆಂದು ಮೇಡಂ ಬೇಕೆಂದೇ ಹೊಡೆಸಿದ್ದ ಆ ಬೂದಿನಲ್ಲಿ ಕೂತರೆ ಏನೋ ಒಂದು ಆಗುತ್ತಿತ್ತು. ಮೊದಮೊದಲು ಬೇಸರ. ಆಮೇಲೆ ಹೊರಗಿನ ಹಾರ್ನುಗಳು ದೂರ ಸರಿಯುತ್ತಿದ್ದವು. ಗೋಡೆ ಎಲ್ಲಿ ಮುಗಿದು ಸೀಲಿಂಗು ಎಲ್ಲಿ ಶುರುವಾಯಿತು ಎಂದು ಗೊತ್ತಾಗದೆ, ಕುರ್ಚಿ ಮಂಜಿನ ನಡುವೆ ನಿಂತಂತೆ ಅನ್ನಿಸುತ್ತಿತ್ತು. ಮೇಡಂ ನನಗೊಂದು ಆಟ ಕಲಿಸಿದ್ದರು. ನಮ್ಮ ಗಿಡದ ಕೆಂಪು ದಾಸವಾಳವನ್ನು ಮೇಜಿನ ಮೇಲಿಟ್ಟು, ರೆಪ್ಪೆ ಮಿಟುಕಿಸದೆ ನೋಡಿ, ಆಮೇಲೆ ಗೋಡೆಯತ್ತ ಕಣ್ಣು ಹೊರಳಿಸಬೇಕು. ಗೋಡೆಯ ಮೇಲೆ ಹಸಿರು ದಾಸವಾಳ ಅರಳುತ್ತಿತ್ತು. ಕಣ್ಣು ಆಡಿಸಿದರೆ ಅದೂ ಆಡುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯೊಳಗೆ ಇಂಗಿ ಹೋಗುತ್ತಿತ್ತು.

"ಈ ಹಸಿರು ಹೂವು ಎಲ್ಲಿದೆ ಹೇಳು?" ಎಂದು ಕೇಳುತ್ತಿದ್ದರು. "ಗೋಡೇಲಿಲ್ಲ, ಗಿಡದಲ್ಲಿಲ್ಲ. ಆದ್ರೆ ನೀನು ಸುಳ್ಳು ಹೇಳ್ತಿಲ್ಲ. ಕಣ್ಣು ನೋಡತ್ತೆ ಅಂತ ಅಂದ್ಕೊಂಡಿದೀವಿ. ಮುಕ್ಕಾಲು ಪಾಲು ಊಹೆ ಮಾಡತ್ತೆ ಕಣಮ್ಮ."

ಕೆಲಸದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಸ್ವಭಾವ ಅಳೆಯಲು ಅವರು ಕನ್ನಡದಲ್ಲೇ ಒಂದು ಪ್ರಶ್ನಾವಳಿ ಮಾಡಿದ್ದರು. ಪುಟ್ಟ ಪುಟ್ಟ ವಾಕ್ಯಗಳು. ನಾನು ಓದಬೇಕು, ಬಂದವರು ಹೌದು ಅಥವಾ ಇಲ್ಲ ಎನ್ನಬೇಕು, ನಾನು "ಸರಿ" ಎಂದು ಮುಂದೆ ಹೋಗಬೇಕು. ಆ ಒಂದು "ಸರಿ" ಕಲಿಯಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು.

"ನೀನು ಎಳೆದು ಹೇಳಿದ್ರೆ ಅವ್ರಿಗೆ ತಪ್ಪು ಹೇಳಿಬಿಟ್ವಾ ಅನ್ಸತ್ತೆ. ಖುಷಿಯಾಗಿ ಹೇಳಿದ್ರೆ ಪಾಸಾದ್ವಿ ಅನ್ಸತ್ತೆ. ಎರಡೂ ಬೇಡ. ಬಾಗಿಲು ತೆಗೆದಷ್ಟೇ ಇರ್ಬೇಕು. ಒಳಗೆ ಬರೋದು ಬಿಡೋದು ಅವರಿಷ್ಟ. ಹ್ಞಾಂ, ಇನ್ನೊಂದ್ಸಲ ಹೇಳು."

ಸರಿ. ಇನ್ನೊಂದ್ಸಲ. ಸರಿ. ಇನ್ನೊಂದ್ಸಲ. ನಾನು ಅಡುಗೆಮನೆಯಲ್ಲೂ ಅಭ್ಯಾಸ ಮಾಡುತ್ತಿದ್ದೆ. ಮಗಳು ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ತಾನು ಸರಿ ಸರಿ ಎನ್ನುವುದನ್ನು ಕಂಡು ಅಮ್ಮ ಗಾಬರಿಯಾಗಿ, ಮೇಲಿನವರು ಹುಡುಗಿಯನ್ನು ಬಹಳ ಬೈಯುತ್ತಿರಬೇಕು ಎಂದು ಅಪ್ಪನಿಗೆ ದೂರು ಹೇಳಿದ್ದರು.

ವಾಕ್ಯಗಳಿಗೆ ಜನ ಕೊಡುತ್ತಿದ್ದ ಉತ್ತರ ಮೇಡಂಗೆ ಹಬ್ಬ. "ನನಗೆ ಒಬ್ಬಳೇ ಇರುವುದು ಇಷ್ಟ" ಎಂದು ನಾನು ಓದಿದಾಗ ಇಟ್ಟಮಡುವಿನ ಹೆಂಗಸೊಬ್ಬರು ತಿರುಗಿ ಕೇಳಿದ್ದರು: "ಅಡುಗೆ ಮಾಡಿಟ್ಟ ಮೇಲಾ, ಮುಂಚೇನಾ?" ಆ ದಿನವೆಲ್ಲ ಮೇಡಂ ಅದನ್ನೇ ನೆನೆಸಿಕೊಂಡು ನಗುತ್ತಿದ್ದರು. ಆಮೇಲೆ ಗಂಭೀರವಾಗಿ, "ತಪ್ಪು ನಮ್ಮದು. ಪ್ರಶ್ನೆ ಅರ್ಧ ಕೇಳಿದ್ವಿ" ಎಂದು ಆ ವಾಕ್ಯವನ್ನೇ ತೆಗೆದುಹಾಕಿದರು.

ಪ್ರಶ್ನಾವಳಿಯ ಕೊನೆಯ ಕಡೆ ಒಂದು ವಾಕ್ಯವಿತ್ತು: "ಬೇರೆಯವರಿಗೆ ಕಾಣದ ಜನ ನನಗೆ ಕಾಣುತ್ತಾರೆ." ಅದಕ್ಕೆ ಯಾರಾದರೂ ಹೌದು ಎಂದರೆ ಉಳಿದ ಉತ್ತರ ಎಷ್ಟೇ ನೆಟ್ಟಗಿದ್ದರೂ ಮೇಡಂ ಅವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದರು. ಮಿಕ್ಕ ವಾಕ್ಯಗಳನ್ನು ಎಷ್ಟೋ ಸಲ ತಿದ್ದಿದ್ದರು. ಅದೊಂದನ್ನು ಮುಟ್ಟಿರಲಿಲ್ಲ. ಯಾಕೆಂದು ನಾನೂ ಕೇಳಿರಲಿಲ್ಲ.

ಅವರ ಕಣ್ಣು ಹೋಗತೊಡಗಿದ್ದು ನನಗೆ ತಡವಾಗಿ ಗೊತ್ತಾಯಿತು. ನನ್ನ ಜೊತೆ ಮಾತಾಡುವಾಗ ಮುಖ ಸ್ವಲ್ಪ ಓರೆ ಮಾಡಿ, ನನ್ನ ಕಿವಿಯ ಕಡೆ ನೋಡತೊಡಗಿದ್ದರು. ಹೊಸ ಓಲೆ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ, ವಯಸ್ಸಿನ ಕಾಯಿಲೆ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ನೇರ ನೋಡಿದರೆ ನಡುವೆ ಯಾರೋ ಹೆಬ್ಬೆರಳಿನಿಂದ ಒರೆಸಿದ ಹಾಗೆ ಖಾಲಿ, ಅಂಚಿನಲ್ಲಿ ಮಾತ್ರ ಲೋಕ. "ಅದಕ್ಕೇ ನಿನ್ನ ಕಿವಿ ನೋಡಿದ್ರೆ ನಿನ್ನ ಮುಖ ಕಾಣತ್ತೆ" ಎಂದರು. ಹೇಳುವಾಗ ಅವರ ದನಿಯಲ್ಲಿ ದುಃಖ ಇರಲಿಲ್ಲ.

ಆಮೇಲಿನ ಚಳಿಗಾಲದಲ್ಲಿ ನಾವಿಬ್ಬರೂ ಬೆಳಗಿನ ಹೊತ್ತು ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆವು. ನಾನು ಕೈ ಹಿಡಿದಿರುತ್ತಿದ್ದೆ. ಒಂದು ದಿನ ಕಲ್ಲುಬೆಂಚಿನ ಮೇಲೆ ಕೂತವರು ಮೆಲ್ಲಗೆ ಕೇಳಿದರು: "ಆ ನೀರುಕೋಳಿ ನಿನಗೂ ಕಾಣ್ತಿದೆಯಾ?"

"ಕಾಣ್ತಿದೆ ಮೇಡಂ."

"ಅದರ ಪಕ್ಕ ನೀರಿನ ಮೇಲೆ ನಡೀತಿರೋ ಹೆಂಗಸ್ರು? ತಲೆ ಮೇಲೆ ಬುಟ್ಟಿ ಇದೆ, ಹಳದಿ ಸೀರೆ."

ನೀರಿನ ಮೇಲೆ ಮಂಜಿತ್ತು. ಆಚೆ ದಡದಲ್ಲಿ ಅಪಾರ್ಟ್‌ಮೆಂಟುಗಳ ನೆರಳು. ಹೆಂಗಸರು ಯಾರೂ ಇರಲಿಲ್ಲ. "ಇಲ್ಲ ಮೇಡಂ" ಎಂದೆ.

"ಸರಿ" ಎಂದರು. ಬಾಗಿಲು ತೆಗೆದಷ್ಟೇ.

ಹಾಗೆ ಶುರುವಾಯಿತು. ಕಾಂಪೌಂಡ್ ಗೋಡೆಯ ಮೇಲೆ ಗೇಣುದ್ದದ ರುಮಾಲಿನ ಗಂಡಸರು ಸಾಲಾಗಿ ಹೋಗುತ್ತಿದ್ದರು. ಬೂದು ಗೋಡೆಯ ಮೇಲೆ ರಂಗೋಲಿಯ ಎಳೆಗಳು ತಾವಾಗಿ ಬಿಡಿಸಿಕೊಂಡು ಸೀಲಿಂಗಿನ ತನಕ ಹಬ್ಬುತ್ತಿದ್ದವು. ಹಸಿರು ಲಂಗದ ಒಂದು ಮಗು ಕಿಟಕಿಯ ಹತ್ತಿರ ಕಾಲು ಚಾಚಿ ಕೂರುತ್ತಿತ್ತು. ಯಾರದೂ ಸದ್ದಿಲ್ಲ. ಯಾರದೂ ಗೊತ್ತಿರುವ ಮುಖವಲ್ಲ. ಕಣ್ಣು ಮುಚ್ಚಿದರೆ ಇಲ್ಲ, ಕೈ ಚಾಚಿದರೆ ಇಲ್ಲ. ಬೂದು ಕೋಣೆಯಲ್ಲಿ ಅವರೆಲ್ಲ ಇನ್ನೂ ಸ್ಪಷ್ಟವಾಗಿ ಕಾಣುತ್ತಾರೆಂದು ಮೇಡಂ ಮಧ್ಯಾಹ್ನಗಳನ್ನು ಅಲ್ಲೇ ಕಳೆಯುತ್ತಿದ್ದರು. ಅವರು ಕಂಡದ್ದನ್ನು ಹೇಳುತ್ತಿದ್ದರು, ನಾನು ಕಿವಿಗೊಟ್ಟು ಕೂರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಎರಡು ಒಳ್ಳೆಯ ಕಣ್ಣಿಗೆ ಕಾಣುತ್ತಿದ್ದದ್ದು ಗೋಡೆ ಮಾತ್ರ.

"ಬರೋ ದಾರಿ ಮುಚ್ಚಿದ್ರೆ ಮಿದುಳು ಸುಮ್ನೆ ಕೂರಲ್ಲ ನೋಡು" ಎನ್ನುತ್ತಿದ್ದರು. "ಖಾಲಿ ಜಾಗಕ್ಕೆ ತಾನೇ ಚಿತ್ರ ಬರೆದು ಅಂಟಿಸತ್ತೆ. ಜೀವಮಾನವೆಲ್ಲ ಬೇರೆಯವರನ್ನ ಕೂರಿಸಿ ಕೇಳಿದೆ. ಈಗ ನನ್ನ ಸರದಿ."

ತಂಗಿಯ ಎದುರು ಮಾತ್ರ ಈ ವಿಷಯ ಎತ್ತಿರಲಿಲ್ಲ. ಅವರನ್ನು ನಾನು ಆಂಟಿ ಎನ್ನುತ್ತಿದ್ದೆ, ಮೇಡಂ ಪುಟ್ಟಿ ಎನ್ನುತ್ತಿದ್ದರು. ಗಂಡ ತೀರಿಹೋದ ಮೇಲೆ ಅಕ್ಕನ ಜೊತೆ ಇದ್ದವರು. ಊದುಬತ್ತಿ, ಬಿಲ್ವಪತ್ರೆ, ಪೂಜೆ, ಅಕ್ಕನ ಊಟ ತಿಂಡಿ, ಇಷ್ಟೇ ಅವರ ಲೋಕ. ಒಂದು ಬೆಳಿಗ್ಗೆ ಜಯನಗರದ ಮನೆಯಲ್ಲಿ ಅವರು ತಟ್ಟೆ ಹಿಡಿದು ಬರುತ್ತಿದ್ದಾಗ ಮೇಡಂ ಬಾಯಿ ತಪ್ಪಿ, "ಸ್ವಲ್ಪ ಪಕ್ಕಕ್ಕೆ ಬಾರೇ, ಮಗು ಕಾಲು ಚಾಚಿದೆ" ಎಂದುಬಿಟ್ಟರು. ಆಂಟಿಯ ಕೈಯಿಂದ ಇಡ್ಲಿ ತಟ್ಟೆ ಬಿತ್ತು.

ಅವರು ಅಷ್ಟು ಹೆದರಲು ಕಾರಣವಿತ್ತು. ಮರುದಿನ ಒಬ್ಬರೇ ನಮ್ಮ ಮನೆಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನಗೆ ಹೇಳಿದರು. "ನಮ್ಮಮ್ಮನೂ ಹೀಗೇ ಕಣಮ್ಮ. ಗೋಡೆ ಬದಿಗೆ ಯಾವ್ಯಾವ್ದೋ ಮಕ್ಕಳು ಕೂತಿವೆ ಅನ್ನೋಳು. ದಾರ ಕಟ್ಟಿಸಿದ್ವಿ, ದೇವಸ್ಥಾನ ಸುತ್ತಿಸಿದ್ವಿ. ಆಮೇಲೆ ಹುಚ್ಚು ಅಂತ ತೀರ್ಮಾನ ಆಯ್ತು, ಹಿಂದಿನ ರೂಮಲ್ಲಿ ಕೂಡಿ ಚಿಲಕ ಹಾಕಿದ್ರು. ಅಕ್ಕ ಆಗ ಮೈಸೂರಲ್ಲಿ ಹಾಸ್ಟೆಲು. ಅಮ್ಮನಿಗೆ ಊಟ ಕೊಡ್ತಿದ್ದೋಳು ನಾನು. ಚಿಲಕ ತೆಗೀಬೇಕು, ತಟ್ಟೆ ಇಡಬೇಕು, ಚಿಲಕ ಹಾಕ್ಬೇಕು. ಅಲ್ಲೇ ಹೋದ್ಲು. ಈಗ ಅಕ್ಕನೂ ಅದೇ ದಾರಿ ಹಿಡಿದ್ಲಲ್ಲಮ್ಮ."

ಆಂಟಿ ಅಕ್ಕನನ್ನು ಪರಿಚಯದವರೊಬ್ಬರು ಹೇಳಿದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿನ ವೈದ್ಯರು ಇಲ್ಲದ ಜನ ಕಾಣುತ್ತಾರೆ ಎನ್ನುವುದನ್ನಷ್ಟೇ ಕೇಳಿ ಮಾತ್ರೆ ಬರೆದರು. ಕಣ್ಣಿನ ವಿಷಯ ಅವರು ಕೇಳಲಿಲ್ಲ, ಆಂಟಿ ಹೇಳಲಿಲ್ಲ, ಮೇಡಂಗೆ ಮಾತಿಗೆ ಅವಕಾಶವೇ ಸಿಗಲಿಲ್ಲವಂತೆ. ಮಾತ್ರೆ ತಿಂದು ಮೇಡಂ ಹಗಲೆಲ್ಲ ತೂಕಡಿಸತೊಡಗಿದರು. ಆಟೋ ನಿಂತಿತು, ಕೆರೆ ನಿಂತಿತು. ನಾನು ಜಯನಗರಕ್ಕೆ ಹೋದಾಗ ಹೊರಬಾಗಿಲಿಗೆ ಒಳಗಿನಿಂದ ಬೀಗ ಹಾಕಿತ್ತು. ಕೀಲಿ ಆಂಟಿಯ ಸೊಂಟದಲ್ಲಿತ್ತು.

ಮೇಡಂ ಮಂಚದ ಮೇಲೆ ಕೂತಿದ್ದರು. ನಾಲಿಗೆ ತೊದಲುತ್ತಿತ್ತು. "ಬರೋ ದಾರೀಲಿ ಏನ್ ನೋಡ್ದೆ?" ಎಂದರು. ನನಗೆ ಅಳು ಬಂತು, ಏನೂ ನೋಡಲಿಲ್ಲ ಎಂದೆ. ಅವರು ತಂಗಿಯನ್ನು ಕರೆದರು.

"ಪುಟ್ಟೀ, ನನಗೆ ಬುದ್ಧಿ ಕೆಟ್ಟಿದೆಯೋ ಇಲ್ವೋ ಈ ಹುಡುಗಿ ನೋಡ್ಲಿ. ನನ್ನ ಕೋಣೇಲಿ, ನನ್ನ ಪ್ರಶ್ನೆಗಳಲ್ಲೇ. ನೀನೂ ಎದುರಿಗಿರು. ಆಮೇಲೆ ನೀನು ಏನ್ ಹೇಳ್ತೀಯೋ ಹಾಗೇ. ಬೀಗ ಹಾಕು ಅಂದ್ರೂ ಸರಿ."

ಆಂಟಿ ಒಪ್ಪಿದರು. ಆ ದಿನ ಬೆಳಗಿನ ಮಾತ್ರೆಯ ಅಮಲು ಇಳಿಯುವ ಹೊತ್ತಿಗೆ, ಮಧ್ಯಾಹ್ನ, ಅವರನ್ನು ಕರೆತಂದರು. ಬೂದು ಕೋಣೆ. ಮೇಡಂ ಇಷ್ಟು ವರ್ಷ ಯಾವ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿದ್ದರೋ ಆ ಕುರ್ಚಿಯಲ್ಲಿ ಕೂತರು. ಅವರ ಕುರ್ಚಿಯಲ್ಲಿ ನಾನು. ಆಂಟಿ ಬಾಗಿಲ ಬಳಿ ಸ್ಟೂಲಿನ ಮೇಲೆ. ನಾನು ಕಾಫಿ ಬಗ್ಗಿಸಿದೆ.

ವಾಕ್ಯಗಳನ್ನು ಓದಿದೆ. ಹೌದು, ಸರಿ. ಇಲ್ಲ, ಸರಿ. ಮೇಡಂ ಒಂದು ಉತ್ತರಕ್ಕೂ ತಡವರಿಸಲಿಲ್ಲ. ಆಂಟಿಯ ಮುಖ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಮುಂದಿನ ವಾಕ್ಯ ಯಾವುದೆಂದು ನನಗೆ ಗೊತ್ತಿತ್ತು. ನನ್ನ ಬಾಯಿ ಏಳಲಿಲ್ಲ. ಇಲ್ಲ ಎಂದು ಒಂದು ಮಾತು ಹೇಳಿಬಿಡಿ ಮೇಡಂ, ಬೀಗ ತೆಗೆಯುತ್ತಾರೆ ಎಂದು ಮನಸ್ಸಿನೊಳಗೆ ಬೇಡಿಕೊಂಡೆ.

"ನಿಲ್ಲಿಸ್ಬಾರ್ದು" ಎಂದರು ಮೇಡಂ, ನನ್ನ ಕಿವಿಯತ್ತ ನೋಡುತ್ತಾ. "ಓದು."

"ಬೇರೆಯವರಿಗೆ ಕಾಣದ ಜನ ನನಗೆ ಕಾಣುತ್ತಾರೆ."

"ಹೌದು."

"ಸರಿ" ಎಂದೆ. ಆಂಟಿ ಬಿಕ್ಕಿದರು.

ಮೇಡಂ ಮುಖವನ್ನು ತಂಗಿಯ ದನಿಯ ಕಡೆ ತಿರುಗಿಸಿದರು. "ಪುಟ್ಟೀ, ಅಳ್ಬೇಡ. ನಿನಗೊಂದು ಕೇಳ್ತೀನಿ, ನೆನಪು ಮಾಡ್ಕೊಂಡು ಹೇಳು. ಅಮ್ಮ ಆ ಕೊನೇ ದಿನಗಳಲ್ಲಿ ಹೂ ಕಟ್ತಿದ್ಲಾ?"

"ಇಲ್ಲ. ಬಿಟ್ಬಿಟ್ಟಿದ್ಲು."

"ನೀರು?"

"ಲೋಟದ ಆಚೆ ಸುರೀತಿದ್ಲು. ಬುದ್ಧಿ ಎಲ್ಲಿರ್ತಿತ್ತು ಅವಳಿಗೆ?"

"ನಿನ್ನ ಜೊತೆ ಮಾತಾಡುವಾಗ ಎಲ್ಲಿ ನೋಡೋಳು?"

ಆಂಟಿ ತಲೆಯೆತ್ತಿದರು. ಅಕ್ಕನ ಮುಖವನ್ನು ನೋಡಿದರು. ಓರೆಯಾದ ಮುಖ, ತಮ್ಮ ಕಿವಿಯ ಕಡೆ ನಿಂತ ಕಣ್ಣು. ಅವರ ಕೈ ತಾನಾಗಿ ತಮ್ಮ ಕಿವಿಗೆ ಹೋಯಿತು.

"ಕಿವಿ..." ಎಂದರು. "ಅಕ್ಕಾ, ನನ್ನ ಕಿವಿ ನೋಡ್ಕೊಂಡು ಮಾತಾಡ್ತಿದ್ಲು."

"ಆ ಮಕ್ಕಳು ಏನ್ ಮಾಡ್ತವೆ ಅಂತಿದ್ಲು?"

"ಏನೂ ಮಾಡಲ್ಲ ಬಿಡಿ ಅಂತಿದ್ಲು. ಸುಮ್ನೆ ಕೂತಿವೆ, ಮುಟ್ಟಕ್ಕೆ ಹೋದ್ರೆ ಕೈಗೆ ಸಿಗಲ್ಲ, ನಿಜದ ಮಕ್ಕಳಲ್ಲ ಕಣ್ರೋ ಅಂತ..."

"ಅವಳಿಗೆ ಗೊತ್ತಿತ್ತು ಪುಟ್ಟೀ" ಎಂದರು ಮೇಡಂ. "ಅಮ್ಮನಿಗೆ ಹೋಗಿದ್ದು ಕಣ್ಣು. ಬುದ್ಧಿ ಅಲ್ಲ."

ಆಮೇಲೆ ಮೇಡಂ ನನ್ನ ಕಡೆ ತಿರುಗಿ ಹೇಳಿದರು: "ಈ ವಾಕ್ಯ ನಾನು ಬರೆದದ್ದು ಅಮ್ಮನ್ನ ನೆನೆಸ್ಕೊಂಡೇ. ಹುಚ್ಚು ಅಂದ್ರೆ ಇದೇ ಅಂತ ನನಗೆ ಅಷ್ಟು ಖಾತ್ರಿ ಇತ್ತು. ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬೇಕಿತ್ತು ಕಣಮ್ಮ. ಅವರು ನಿಜದ ಜನ ಅಲ್ಲ ಅಂತ ನಿಮಗೆ ಗೊತ್ತಾ? ಅಷ್ಟೇ. ಅದೊಂದು ಕೇಳಿದ್ರೆ ಅಮ್ಮ ಗೊತ್ತು ಅಂತಿದ್ಲು. ಜೀವಮಾನ ಪೂರ್ತಿ ಅರ್ಧ ಪ್ರಶ್ನೆ ಕೇಳ್ದೆ." ಹೇಳುತ್ತಾ ಹೇಳುತ್ತಾ ಅತ್ತರು. ಮೇಡಂ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಂಟಿ ಎದ್ದು ಬಂದು ಅಕ್ಕನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಸೊಂಟದ ಕೀಲಿಗೊಂಚಲು ಮೇಡಂನ ಕೆನ್ನೆಗೆ ಚುಚ್ಚುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಆಂಟಿಯೇ ಆಮೇಲೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣು ಮಂಜಾದ ವಯಸ್ಸಾದವರಲ್ಲಿ ಹೀಗೆ ಆಗುವುದುಂಟು, ಹೇಳಿಕೊಂಡರೆ ಹುಚ್ಚೆನ್ನುತ್ತಾರೆಂದು ಎಷ್ಟೋ ಜನ ಬಾಯಿ ಬಿಡುವುದಿಲ್ಲ ಎಂದು ಅಲ್ಲಿನ ಡಾಕ್ಟರಮ್ಮ ವಿವರಿಸಿದರು. ಅವರೇ ಆ ಇನ್ನೊಬ್ಬ ವೈದ್ಯರೊಡನೆ ಮಾತಾಡಿ ಮಾತ್ರೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ಪ್ರಶ್ನಾವಳಿಗೆ ಆ ಎರಡನೆಯ ಪ್ರಶ್ನೆ ಸೇರಿತು. ಆಟೋ ಮತ್ತೆ ಬಂತು. ಈಗ ಅದರಿಂದ ಅಕ್ಕ ತಂಗಿ ಇಬ್ಬರೂ ಇಳಿಯುತ್ತಿದ್ದರು.

ಮುಂದಿನ ದಿನಗಳು ನನಗೆ ಒಂದು ಉದ್ದನೆಯ ಮಧ್ಯಾಹ್ನದಂತೆ ನೆನಪಾಗುತ್ತವೆ. ಆಂಟಿ ಬೂದು ಕೋಣೆಯಲ್ಲಿ ಸೊಪ್ಪು ಬಿಡಿಸುತ್ತಾ, "ಇವತ್ತು ಯಾರ್ ಬಂದಿದಾರಕ್ಕಾ?" ಎಂದು ಕೇಳುತ್ತಿದ್ದರು. ಮೇಡಂ ಹೇಳುತ್ತಿದ್ದರು. ಬುಟ್ಟಿಯ ಹೆಂಗಸರ ಸೀರೆ ಇವತ್ತು ನೇರಳೆ, ಅಂಚು ಸಣ್ಣದು. ಯಾವುದೋ ಮದುವೆ ದಿಬ್ಬಣ, ಓಲಗದವರ ಕೆನ್ನೆ ಉಬ್ಬಿದೆ, ಸದ್ದಿಲ್ಲ. ಮಗು ಕಿಟಕಿ ಬಿಟ್ಟು ಬಾಗಿಲಿಗೆ ಬಂದಿದೆ. ಮಗುವಿದ್ದ ಕಡೆ ಆಂಟಿ ಕಾಲು ಎತ್ತಿಟ್ಟು ದಾಟುತ್ತಿದ್ದರು. ನಾನೂ ದಾಟುತ್ತಿದ್ದೆ. ಒಮ್ಮೆ ಬಾಡಿಗೆಯ ಮಾತಿಗೆ ಮೇಲೆ ಬಂದ ಅಪ್ಪ ನಮ್ಮನ್ನು ನೋಡಿ, ಏನೂ ಕೇಳದೆ, ತಾವೂ ದಾಟಿ ಹೋದರು.

ಆಂಟಿಗೆ ಒಂದೇ ಒಂದು ಆಸೆ ಉಳಿದಿತ್ತು. ಕೆಲವು ದಿನ ಸೊಪ್ಪು ಬಿಡಿಸುವ ಕೈ ನಿಲ್ಲಿಸಿ ಕೇಳುತ್ತಿದ್ದರು: "ಅಕ್ಕಾ, ಅಮ್ಮ ಬಂದಿಲ್ವಾ?"

"ಇಲ್ಲ ಕಣೇ. ಗೊತ್ತಿರೋರು ಬರಲ್ಲ."

ಒಮ್ಮೆ ನನಗೆ ತಡೆಯಲಾಗಲಿಲ್ಲ. ಆಂಟಿ ಕೆಳಗೆ ಹೋದಾಗ, ಒಂದು ಸಲ ಬಂದಿದಾಳೆ ಎಂದು ಹೇಳಿದರೆ ಏನು ಗಂಟು ಹೋಗುತ್ತದೆ ಮೇಡಂ ಎಂದು ಸಿಟ್ಟಿನಿಂದಲೇ ಕೇಳಿದೆ. ಪಾಪ, ಚಿಲಕ ಹಾಕಿದ ಕೈ ಅದು. ಅಮ್ಮ ಬಂದು ಕೂತಳು ಎಂದರೆ ಆ ಜೀವಕ್ಕೆ ಎಷ್ಟು ತಂಪು!

"ಹೇಳ್ಬಹುದು" ಎಂದರು. "ಆದ್ರೆ ಒಂದ್ಸಲ ಇಲ್ಲದ್ದು ಹೇಳಿದ್ರೆ, ಇಷ್ಟು ದಿನ ಕಂಡಿದ್ದೂ ಸುಳ್ಳಾಗೋಗತ್ತೆ. ಅವಳು ನನ್ನ ನಂಬಿದಾಳೆ ಕಣಮ್ಮ. ಅಮ್ಮನ್ನ ಯಾರೂ ನಂಬಿರ್ಲಿಲ್ಲ."

ಮೇಡಂ ಹೋದದ್ದು ನಿದ್ದೆಯಲ್ಲಿ, ಜಯನಗರದ ಮನೆಯಲ್ಲಿ. ಅವರ ಕಡೆಯ ಪದ್ಧತಿಯಂತೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಕೂರಿಸಿದ್ದರು. ನೋಡಿದರೆ ಯಾರದೋ ಮುಂದಿನ ವಾಕ್ಯಕ್ಕೆ ಕಾಯುತ್ತಾ ಕೂತವರ ಹಾಗೇ ಇದ್ದರು. ನಾನು ಎದುರು ನಿಂತು, ಬರುವ ದಾರಿಯಲ್ಲಿ ಕಂಡದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿದೆ. ಈಗ ನಾನು ಒಂದು ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಮಾತು ಕೇಳುವ ಕೆಲಸದಲ್ಲಿದ್ದೇನೆ. ನೀವು ಯಾವ ಬಣ್ಣದ ವ್ಯಕ್ತಿ ಎಂದು ಫೋನಿನಲ್ಲಿ ನಾಲ್ಕು ಸಲ ಒತ್ತಿ ತಿಳಿದುಕೊಂಡು ಬರುವ ಮಕ್ಕಳನ್ನು ಕೂರಿಸಿ, ಕಾಫಿ ಕೊಟ್ಟು, ದಾರಿಯಲ್ಲಿ ಏನು ನೋಡಿದೆ ಎಂದು ಕೇಳುತ್ತೇನೆ. ಬಹಳ ಮಂದಿ ಅಳುತ್ತಾರೆ. ಯಾಕೆಂದು ನನಗಿನ್ನೂ ಪೂರ್ತಿ ಗೊತ್ತಿಲ್ಲ.

ಪೇಂಟರ್ ಹಾಲ್ ಮುಗಿಸಿದ. ನಾನು ಆಂಟಿಗೆ ಫೋನ್ ಮಾಡಿ, ನಾಳೆ ಆ ಕೋಣೆಗೂ ಬಿಳಿ ಬಣ್ಣ ಹೊಡೆಯುತ್ತಾರೆ ಎಂದೆ. ಅವರು ಸಂಜೆಯೊಳಗೆ ಆಟೋದಲ್ಲಿ ಬಂದಿಳಿದರು. ಮೆಟ್ಟಿಲು ಹತ್ತಿ, ಬಾಗಿಲ ಬಳಿ ಅಭ್ಯಾಸಬಲದಿಂದ ಕಾಲೆತ್ತಿ ದಾಟಿ, ಅಕ್ಕ ಕೂರುತ್ತಿದ್ದ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಹೊರಗೆ ಬಿಸಿಲು ಇಳಿಯುತ್ತಿತ್ತು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅವರು ಲೋಟ ಹಿಡಿದುಕೊಂಡು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಿದ್ದರು.

"ಯಾರಾದ್ರೂ ಬಂದಿದಾರಾ ಆಂಟಿ?" ಎಂದು ಕೇಳಿದೆ.

"ಇಲ್ಲ ಕಣಮ್ಮ" ಎಂದರು. "ಅಮ್ಮನೂ ಇಲ್ಲ, ಅಕ್ಕನೂ ಇಲ್ಲ. ಗೋಡೆ ಇದೆ."

"ಸರಿ" ಎಂದೆ. ದನಿ ಏರಿ, ಇಳಿದು, ಕೊನೆಯಲ್ಲಿ ಒಡೆಯಿತು.

ಆಂಟಿ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಹಾಗಲ್ಲ" ಎಂದರು. "ಅಕ್ಕ ಇದ್ದಿದ್ರೆ ಇನ್ನೊಂದ್ಸಲ ಹೇಳಿಸ್ತಿದ್ಲು."

ಇನ್ನೊಂದು ಸಲ ಹೇಳಿದೆ.